ಪ್ರೆಡಿಕ್ಟರ್ ಲಕ್ಷಣ ಮೀಮಾಂಸೆ

ಪ್ರೆಡಿಕ್ಟರ್ ಎಂದರೆ ಆನ್‌ಲೈನ್ ಜೂಜಿನ ಮುಂದಿನ ಸುತ್ತಿನಲ್ಲಿ ಏನು ಬರುತ್ತದೆ ಎಂಬುದನ್ನು ಆ ಸುತ್ತು ಶುರುವಾಗುವ ಮೊದಲೇ ಹೇಳುತ್ತೇನೆ ಎನ್ನುವ ಮೊಬೈಲ್ ಆ್ಯಪ್. ಹ್ಯಾಕ್, ಸಿಗ್ನಲ್, ಎಐ ಬಾಟ್, ವಿಐಪಿ ಎಂಬ ಬಿರುದುಗಳೂ ಅದಕ್ಕುಂಟು. ಪ್ಲೇ ಸ್ಟೋರ್‌ಗಿಂತ ಟೆಲಿಗ್ರಾಂ ಗುಂಪುಗಳಲ್ಲೇ ಇದರ ವಾಸ ಹೆಚ್ಚು. ಎಪಿಕೆ ಫೈಲಾಗಿ ಬರುತ್ತದೆ. ಫೋನು ಎಷ್ಟು ಸಲ ಬೇಡವೆಂದರೂ ಫೋನಿನ ಯಜಮಾನನೇ ಕೈಹಿಡಿದು ಒಳಗೆ ಕರೆದುಕೊಳ್ಳುತ್ತಾನೆ. ನವಲಗುಂದ ಸೀಮೆಯಲ್ಲಿ ಇದು ವರ್ಷವಿಡೀ ಕಾಣಸಿಗುತ್ತದಾದರೂ ಐಪಿಎಲ್ ನಡೆಯುವ ಎರಡು ತಿಂಗಳು, ಮತ್ತು ಹೆಸರು ಮಾರಿ ಕೈಯಲ್ಲಿ ನಾಲ್ಕು ರೊಕ್ಕ ಆಡುವ ಶ್ರಾವಣ–ಭಾದ್ರಪದದ ಹೊತ್ತು ಇದರ ಹಂಗಾಮು ಎಂಬುದು ಬಸ್‌ಸ್ಟ್ಯಾಂಡ್ ಎದುರಿನ ಚಹಾದಂಗಡಿ ಪಂಡಿತರ ಮತ. ಈ ಮತವನ್ನು ಖಂಡಿಸಿದವರು ಯಾರೂ ಇಲ್ಲ. ಆ ಹೊತ್ತಿಗೆ ಎಲ್ಲರ ಕಣ್ಣೂ ಫೋನಿನ ಮೇಲಿರುತ್ತದೆ.

ಭವಿಷ್ಯ ಹೇಳುವ ಕಸುಬು ಈ ನೆಲಕ್ಕೆ ಹೊಸದಲ್ಲ. ಪಕ್ಕದ ಅಣ್ಣಿಗೇರಿಯಲ್ಲಿ ಜೋಯಿಸ ಸಿಂಘನೆಂಬವನಿದ್ದ, ಪಂಪನ ತಾಯಿ ಅಬ್ಬಣಬ್ಬೆ ಆ ಮನೆಯವಳು ಎಂಬುದಕ್ಕೆ ಗಂಗಾಧರಂ ಶಾಸನದ ಆಧಾರವಿದೆ. ಜೋಯಿಸನು ಜೂಜಿನ ನಂಬರು ಹೇಳುತ್ತಿದ್ದನೇ ಎಂಬುದರ ಬಗ್ಗೆ ಶಾಸನ ಮೌನವಾಗಿದೆ. ಅವನ ಕುಲದ ಕುಡಿಯಂತೂ ಕ್ರಿ.ಶ. 941ರ ಸುಮಾರಿಗೆ ಜೂಜಿನಲ್ಲಿ ರಾಜ್ಯ ಕಳೆದುಕೊಂಡವರ ಕಥೆಯನ್ನು ಕಾವ್ಯ ಮಾಡಿದ. ಐನೂರು ವರ್ಷದ ಮೇಲೆ ಹುಬ್ಬಳ್ಳಿ ಬಳಿಯ ಕೋಳಿವಾಡದ ಕುಮಾರವ್ಯಾಸ ಅದೇ ಕಥೆಯನ್ನು ಮತ್ತೊಮ್ಮೆ ಹಾಡಿದ. ಒಂದೇ ಜಿಲ್ಲೆಯ ನಂಟಿನ ಇಬ್ಬರು ಮಹಾಕವಿಗಳು ಒಂದೇ ಜೂಜಿನ ಬಗ್ಗೆ ಇಷ್ಟು ವಿಸ್ತಾರವಾಗಿ ಹೇಳಿದ್ದರೂ ಜಿಲ್ಲೆಯಲ್ಲಿ ಪಣ ಕಟ್ಟುವವರು ಕಡಿಮೆಯಾದ ಕುರುಹಿಲ್ಲ. ಕಾವ್ಯದ ಪ್ರಯೋಜನವನ್ನು ಕುರಿತ ಚರ್ಚೆಗೆ ಇದು ಬೇರೆಯೇ ಸಾಮಗ್ರಿ.

ಜೂಜನ್ನು ಖಚಿತವಾಗಿ ಗೆಲ್ಲುವ ವಿದ್ಯೆಗೆ ಶಾಸ್ತ್ರಸಮ್ಮತವಾದ ಉದಾಹರಣೆ ನಳನ ಕಥೆಯ ಅಕ್ಷಹೃದಯ. ಋತುಪರ್ಣ ರಾಜ ರಥದಲ್ಲಿ ಕುಳಿತೇ ತಾರೆಮರದ ಎಲೆ, ಕಾಯಿಗಳ ಲೆಕ್ಕ ಹೇಳಿದ. ಬಾಹುಕನ ವೇಷದಲ್ಲಿದ್ದ ನಳ ರಥ ನಿಲ್ಲಿಸಿ, ಇಳಿದು ಹೋಗಿ, ಮರ ಕೆಡವಿ ಎಣಿಸಿದ. ಲೆಕ್ಕ ತಾಳೆಯಾದ ಮೇಲೆಯೇ ತನ್ನ ಕುದುರೆ ವಿದ್ಯೆಯಾದ ಅಶ್ವಹೃದಯವನ್ನು ಕೊಡುವ ಮಾತಿನ ಮೇಲೆ ಆ ವಿದ್ಯೆಯನ್ನು ಪಡೆದ. ಮೊದಲು ಪರೀಕ್ಷೆ, ಆಮೇಲೆ ವ್ಯವಹಾರ. ಈಗಿನ ಅಕ್ಷಹೃದಯ 499 ರೂಪಾಯಿಗೆ ಸಿಗುತ್ತದೆ, ಎಲೆ ಎಣಿಸಲು ರಥ ನಿಲ್ಲುವುದಿಲ್ಲ. ಇನ್ನು ನವಲಗುಂದದ ರಾಮಲಿಂಗ ಕಾಮಣ್ಣನ ಪದ್ಧತಿಯಂತೂ ಈ ವಿಷಯದಲ್ಲಿ ಅತ್ಯಂತ ಮುಂದುವರಿದದ್ದು: ಹೋಳಿಯಲ್ಲಿ ಬೇಡಿಕೊಂಡು, ಮದುವೆಯೋ ಮಗುವೋ ಆದ ಮೇಲೆ ಬಂದು ಹರಕೆ ತೀರಿಸಿದರೆ ಆಯಿತು. ಕೆಲಸವಾಗುವ ಮೊದಲು ಆಕ್ಟಿವೇಶನ್ ಚಾರ್ಜ್ ಕೇಳಿದ ದಾಖಲೆ ಕಾಮಣ್ಣನ ಮೇಲಿಲ್ಲ.

ಬಣ್ಣದ ಭವಿಷ್ಯಕ್ಕೂ ಇಲ್ಲಿ ದೇಸಿ ಪರಂಪರೆಯಿದೆ. ಕಾರಹುಣ್ಣಿಮೆಯ ಸಂಜೆ ಕರಿ ಹರಿಯುವಾಗ ಬಿಳಿ ಎತ್ತು ಮುಂದಾದರೆ ಹಿಂಗಾರಿ, ಕೆಂದೆತ್ತು ಮುಂದಾದರೆ ಮುಂಗಾರಿ ಬೆಳೆ ಚಲೋ ಬರುತ್ತದೆಂದು ಹಿರಿಯರು ಹೇಳುತ್ತಾರೆ. ವರ್ಷಕ್ಕೆ ಒಂದೇ ಸುತ್ತು, ಅದೂ ಊರವರ ಕಣ್ಣೆದುರು. ಕಲರ್ ಪ್ರೆಡಿಕ್ಷನ್ ಎಂಬ ಆನ್‌ಲೈನ್ ಆಟದಲ್ಲಿ ಕೆಂಪು, ಹಸಿರು, ನೇರಳೆ ಬಣ್ಣಗಳಿದ್ದು ನಿಮಿಷಕ್ಕೊಂದು ಸುತ್ತು ಓಡುತ್ತದೆ, ದಿನಕ್ಕೆ 1,440. ಎತ್ತುಗಳು ಎಲ್ಲಿವೆ ಎಂಬುದು ಆಡಿಸುವವನಿಗೆ ಮಾತ್ರ ಗೊತ್ತು. ಇವೆರಡರ ನಡುವಿನ ಕೊಂಡಿ ಓಸಿ, ಅಂದರೆ ಮಟಕಾ. ಮುಂಬೈಯಲ್ಲಿ ಅದು ಹುಟ್ಟಿದ್ದೇ ನ್ಯೂಯಾರ್ಕ್ ಹತ್ತಿ ಪೇಟೆಯ ಓಪನಿಂಗ್, ಕ್ಲೋಸಿಂಗ್ ರೇಟಿನ ಮೇಲೆ ಪಣ ಕಟ್ಟುವುದರಿಂದ. ಎರಿ ಹೊಲದಲ್ಲಿ ಹತ್ತಿ ಬೆಳೆದು, ಹುಬ್ಬಳ್ಳಿ ಪೇಟೆಯ ರೇಟು ಏನಾದೀತೋ ಎಂದು ತಲೆ ಮೇಲೆ ಕೈಹೊತ್ತು ಕೂರುವ ನವಲಗುಂದದ ರೈತನಿಗೆ ಹತ್ತಿಯ ಜೂಜು ಕಲಿಸಲು ಮುಂಬೈಯವರು ಬರಬೇಕಿರಲಿಲ್ಲ.

ಓಸಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ‘ಒಂದು ರೂಪಾಯಿಗೆ 80 ರೂಪಾಯಿ ಕೊಡುವುದಾಗಿ ಕೂಗುತ್ತ ಸಾರ್ವಜನಿಕರಿಂದ ಹಣ ಪಡೆದು ನಂಬರ್ ಬರೆದುಕೊಳ್ಳುತ್ತಿದ್ದಾಗ’ ಎಂಬ ಒಕ್ಕಣೆ ರಾಜ್ಯದ ಪೊಲೀಸ್ ಪ್ರಕಟಣೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಜೂಜಿನ ಗಣಿತವನ್ನು ಇದಕ್ಕಿಂತ ಚಿಕ್ಕದಾಗಿ ಯಾವ ಪಠ್ಯಪುಸ್ತಕವೂ ಹೇಳಿಲ್ಲ. ನೂರು ಜೋಡಿ ನಂಬರುಗಳಲ್ಲಿ ಬರುವುದು ಒಂದು, ಕೊಡುವುದು 80, ಉಳಿದ 20 ಬರೆಯುವವನ ಪಾಲು. ಓಸಿಯವನು ತನ್ನ ಲಾಭವನ್ನು ಬೀದಿಯಲ್ಲಿ ನಿಂತು ಕೂಗಿ ಹೇಳುತ್ತಿದ್ದ. ಆ ಪ್ರಾಮಾಣಿಕತೆ ಆ್ಯಪ್‌ಗಳ ಕಾಲದಲ್ಲಿ ಕಳೆದುಹೋಯಿತು.

ಪ್ರೆಡಿಕ್ಟರ್‌ಗಳಲ್ಲಿ ಹೆಚ್ಚಿನವು ಹಿಂಬಾಲಿಸುವುದು ಏವಿಯೇಟರ್ ಆಟವನ್ನು. 2019ರಲ್ಲಿ ಸ್ಪ್ರೈಬ್ ಎಂಬ ಕಂಪನಿ ಹೊರತಂದ ಈ ಆಟದಲ್ಲಿ ಒಂದು ವಿಮಾನ ಏರುತ್ತದೆ, ಅದರೊಂದಿಗೆ ಹಣದ ಗುಣಕವೂ ಏರುತ್ತದೆ. ಅದು ಹಾರಿಹೋಗುವ ಮೊದಲು ಹಣ ಹಿಂತೆಗೆದವನು ಗೆದ್ದ. ಕಂಪನಿ ಹೇಳುವ ಪ್ರಕಾರ ಪಣದಲ್ಲಿ ಸರಾಸರಿ ನೂರಕ್ಕೆ 97 ಆಟಗಾರರಿಗೆ ಮರಳುತ್ತದೆ. ಮೂರೇ ರೂಪಾಯಿ ತಾನೇ ಎನ್ನುವವರು ಗಂಟೆಗೆ ನೂರಕ್ಕೂ ಹೆಚ್ಚು ಸುತ್ತು ನಡೆಯುವುದನ್ನು ಮರೆಯುತ್ತಾರೆ. ಸುತ್ತಿಗೆ 100 ರೂಪಾಯಿಯಂತೆ ನೂರು ಸುತ್ತು ಕಟ್ಟಿದವನು ಸರಾಸರಿ 300 ರೂಪಾಯಿ ಬಿಟ್ಟೇಳುತ್ತಾನೆ. ಬಸ್ಸಿಗೆ ಕಾಯುವ ವೇಳೆಗೆ ಇದು ದುಬಾರಿ ಬಾಡಿಗೆ.

ಈ ವಿಮಾನ ಎಲ್ಲಿ ಹಾರಿಹೋಗುತ್ತದೆ ಎಂಬುದನ್ನು ಪ್ರೆಡಿಕ್ಟರ್ ಹೇಳಬಲ್ಲದೇ? ಆಟದ ನಿಯಮದಂತೆ ಸುತ್ತಿನ ಫಲ ಸರ್ವರ್ ಆರಿಸಿಟ್ಟ ಒಂದು ಗುಪ್ತ ಅಕ್ಷರಮಾಲೆ ಮತ್ತು ಆ ಸುತ್ತಿನಲ್ಲಿ ಮೊದಲು ಪಣ ಕಟ್ಟಿದ ಮೂವರ ಫೋನಿನಿಂದ ಬಂದ ಅಕ್ಷರಗಳು ಸೇರಿ ತಯಾರಾಗುತ್ತದೆ. ನಾಲ್ಕನ್ನೂ ಕಲಸಿ ಎಸ್‌ಎಚ್‌ಎ-512 ಎಂಬ ಸೂತ್ರದಲ್ಲಿ ಅರೆದಾಗ ಬರುವ ಸಂಖ್ಯೆಯಿಂದ ಹಿಂದಕ್ಕೆ ಹೋಗಿ ಮೂಲ ಕಂಡುಹಿಡಿಯುವ ದಾರಿಯನ್ನು ಇನ್ನೂ ಯಾರೂ ತೋರಿಸಿಲ್ಲ. ಸಾಧ್ಯ ಉತ್ತರಗಳ ಸಂಖ್ಯೆಯೇ 155 ಅಂಕಿಗಳಷ್ಟು ಉದ್ದ. ಆದ್ದರಿಂದ ಐದು ನಿಮಿಷ ಮೊದಲೇ ‘2.37’ ಎಂದು ತೋರಿಸುವ ಆ್ಯಪ್‌ಗೆ ಸರ್ವರಿನ ಗುಟ್ಟಿನ ಜೊತೆಗೆ ಇನ್ನು ಐದು ನಿಮಿಷಕ್ಕೆ ಯಾವ ಊರಿನ ಯಾವ ಮೂವರು ಮೊದಲು ಬೆರಳು ಒತ್ತುತ್ತಾರೆ ಎಂಬುದೂ ಗೊತ್ತಿರಬೇಕು. ಅಷ್ಟು ತಿಳಿದ ಆ್ಯಪ್ ಮಲಪ್ರಭಾ ಕಾಲುವೆಗೆ ಯಾವತ್ತು ನೀರು ಬಿಡುತ್ತಾರೆಂದು ಹೇಳಿದ್ದರೆ ಸಾಕಿತ್ತು. ತಾಲ್ಲೂಕಿನವರು ಚಂದಾ ಎತ್ತಿ ಅದಕ್ಕೊಂದು ಗುಡಿ ಕಟ್ಟಿಸುತ್ತಿದ್ದರು. ಇನ್ನು ಆ ಆಟದ ನಕಲುಗಳಲ್ಲಿ ಈ ನಿಯಮವೂ ಇರುವುದಿಲ್ಲ. ಅಲ್ಲಿ ಫಲವನ್ನು ಆಡಿಸುವವನೇ ಬರೆಯುತ್ತಾನೆ, ಭವಿಷ್ಯ ಹೇಳುವ ಆ್ಯಪ್ ಅವನ ಮನಸ್ಸನ್ನು ಓದಬೇಕಾಗುತ್ತದೆ.

ಬಿಚ್ಚಿ ನೋಡಿದರೆ ಇಂಥ ಆ್ಯಪ್‌ನ ಒಳಗಿರುವುದು ಒಂದು ತಿರುಗುವ ಚಕ್ರದ ಚಿತ್ರ, ‘ಸರ್ವರ್‌ಗೆ ಕನೆಕ್ಟ್ ಆಗುತ್ತಿದೆ’ ಎಂಬ ಸಾಲು, ಮನಸ್ಸಿಗೆ ಬಂದ ಸಂಖ್ಯೆಯೊಂದನ್ನು ತೋರಿಸುವ ನಾಲ್ಕು ಸಾಲಿನ ಪ್ರೋಗ್ರಾಂ. ಕೆಲವು ಇನ್ನೂ ಉದ್ಯಮಶೀಲ. ಅವು ಎಸ್‌ಎಂಎಸ್ ಓದುವ, ಪರದೆಯನ್ನು ನಿಯಂತ್ರಿಸುವ ಅನುಮತಿ ಕೇಳುತ್ತವೆ. ಬ್ಯಾಂಕಿನ ಒಟಿಪಿ ಬಂದ ಕೂಡಲೇ ಅದನ್ನು ಮಾಲೀಕನಿಗಿಂತ ಮೊದಲು ಓದುವುದರಿಂದ, ಭವಿಷ್ಯವನ್ನು ಮೊದಲೇ ತಿಳಿಯುತ್ತವೆ ಎಂಬ ಜಾಹೀರಾತು ಈ ಒಂದು ಅಂಶದಲ್ಲಿ ನಿಜವೇ ಆಗಿದೆ.

ಇಲ್ಲಿ ಪೂರ್ವಪಕ್ಷ ಏಳುತ್ತದೆ: ‘ಲೇ ದೋಸ್ತ, ಐದು ಸಲ ಹೇಳಿದ್ದು ಐದೂ ಬಂದೈತಿ, ನಾನಽ ನೋಡೀನಿ!’ ಪ್ರತ್ಯಕ್ಷ ಪ್ರಮಾಣವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಟೆಲಿಗ್ರಾಂ ಗುರು 1,024 ಮಂದಿಯನ್ನು ಕೂಡಿಸಿಕೊಂಡು ಅರ್ಧ ಮಂದಿಗೆ ಕೆಂಪು, ಅರ್ಧ ಮಂದಿಗೆ ಹಸಿರು ಎಂದು ಖಾಸಗಿಯಾಗಿ ಕಳಿಸುತ್ತಾನೆ. ಒಂದರ್ಧಕ್ಕೆ ನಿಜವಾಗಲೇಬೇಕು. ನಿಜವಾದ 512 ಮಂದಿಯನ್ನು ಮತ್ತೆ ಎರಡು ಮಾಡುತ್ತಾನೆ. ಐದು ಸುತ್ತಿನ ಕೊನೆಗೆ 32 ಮಂದಿ ಉಳಿಯುತ್ತಾರೆ, ಅವರ ಪಾಲಿಗೆ ಗುರು ಒಮ್ಮೆಯೂ ತಪ್ಪಿಲ್ಲ. ತಲಾ 4,999 ರೂಪಾಯಿಯ ವಿಐಪಿ ಸದಸ್ಯತ್ವ ಮಾರಲು ಇದೇ ಹೊತ್ತು. ಎಲ್ಲರೂ ಕೊಂಡರೆ ಒಂದೂವರೆ ಲಕ್ಷದ ಮೇಲೆ. ತಪ್ಪು ಭವಿಷ್ಯ ಪಡೆದ 992 ಮಂದಿಗೆ ಒಬ್ಬರಿಗೊಬ್ಬರ ಪರಿಚಯವಿಲ್ಲ, ಅವರು ಗುಂಪಿನಿಂದ ಹೊರಗೂ ಆಗಿದ್ದಾರೆ. ಚಹಾದಂಗಡಿಯಲ್ಲಿ ಸಾಕ್ಷಿ ಹೇಳುವವನು ಯಾವಾಗಲೂ 32ರೊಳಗಿನವನು. ಉಳಿದವರು ತಮ್ಮ ಸೋಲಿನ ಬಗ್ಗೆ ಮಾತಾಡುವುದಿಲ್ಲ, ಮನೆಯವರ ಮುಂದಂತೂ ಇಲ್ಲವೇ ಇಲ್ಲ.

ಇಷ್ಟು ಶ್ರಮ ಪಡಲಾರದ ಗುರುಗಳು ‘ಡಬಲ್ ಪ್ಲಾನ್’ ಬೋಧಿಸುತ್ತಾರೆ: ಸೋತರೆ ಮುಂದಿನ ಸುತ್ತಿಗೆ ಎರಡರಷ್ಟು ಕಟ್ಟು, ಒಮ್ಮೆ ಗೆದ್ದರೆ ಎಲ್ಲ ಮರಳುತ್ತದೆ. 10 ರೂಪಾಯಿಯಿಂದ ಹೊರಟವನು ಸತತ ಹತ್ತು ಸಲ ಸೋತರೆ ಹೋದದ್ದು 10,230. ಹನ್ನೊಂದನೆಯ ಸುತ್ತಿಗೆ ಬೇಕಾದದ್ದು 10,240. ಅದು ಗೆದ್ದರೆ ಆಗುವ ಲಾಭ 10 ರೂಪಾಯಿ. ಹತ್ತು ಸಲ ಸತತ ಸೋಲು ಅಪರೂಪವೆಂದು ತೋರುತ್ತದೆ. ದಿನಕ್ಕೆ 1,440 ಸುತ್ತು ಓಡುವ ಆಟದಲ್ಲಿ ಒಂದೇ ಬಣ್ಣ ಹಿಡಿದು ಕೂತವನಿಗೆ ಎರಡು ದಿನದೊಳಗೆ ಅದು ಒಮ್ಮೆ ಎದುರಾಗುವುದು ಸಹಜ. ಅಷ್ಟರಲ್ಲಿ ಹೆಸರು ಮಾರಿದ ಹಣ ಮುಗಿದು ಹಿಂಗಾರಿ ಕಡಲೆ ಬೀಜಕ್ಕೆ ಇಟ್ಟದ್ದಕ್ಕೆ ಕೈ ಬಿದ್ದಿರುತ್ತದೆ.

ಹಾಗಾದರೆ ಗೆಲ್ಲುವ ಗುಟ್ಟು ತಿಳಿದವನು ತಾನೇ ಆಡಿ ಗೆಲ್ಲದೆ ಅದನ್ನು ಕಂಡವರಿಗೆಲ್ಲ ಏಕೆ ಹಂಚುತ್ತಾನೆ? ಈ ಪ್ರಶ್ನೆಗೆ ಪರೋಪಕಾರ ಎಂಬ ಉತ್ತರವನ್ನು ಗುಂಪಿನ ಅಡ್ಮಿನ್‌ಗಳು ಕೊಡುತ್ತಾರೆ. ಸಿದ್ಧಾಂತ ಬೇರೆಯಿದೆ. ಪ್ರೆಡಿಕ್ಟರ್ ಕೆಲಸ ಮಾಡಬೇಕಾದರೆ ಅದರಲ್ಲಿ ಕೊಟ್ಟ ಲಿಂಕ್‌ನಿಂದಲೇ ಜೂಜಿನ ಸೈಟಿನಲ್ಲಿ ಹೊಸ ಖಾತೆ ತೆರೆಯಬೇಕು, ಅದರದೇ ಪ್ರೋಮೊ ಕೋಡ್ ಹಾಕಬೇಕು, ಐಡಿ ‘ಸಿಂಕ್’ ಆಗಲು ಒಂದಿಷ್ಟು ಹಣ ಜಮಾ ಮಾಡಬೇಕು. ಆ ಲಿಂಕ್‌ನಿಂದ ಬಂದವನು ಕಳೆದುಕೊಳ್ಳುವ ಮೊತ್ತದಲ್ಲಿ ಸೈಟು ಲಿಂಕ್ ಕೊಟ್ಟವನಿಗೆ ಪಾಲು ಕೊಡುತ್ತದೆ. ಕಾಲು ಭಾಗದಿಂದ ಅರ್ಧದವರೆಗೆ ಎಂದು ಇಂಥ ಸೈಟುಗಳೇ ಜಾಹೀರು ಮಾಡಿಕೊಳ್ಳುತ್ತವೆ. ಶಿಷ್ಯ ಗೆದ್ದರೆ ಗುರುವಿಗೆ ಸೊನ್ನೆ, ಸೋತರೆ ಪಾಲು. ಕಕ್ಷಿದಾರ ಸೋತಾಗ ಮಾತ್ರ ಎದುರಾಳಿಯಿಂದ ಫೀ ಪಡೆಯುವ ವಕೀಲನಿಗೆ ಕೇಸು ಒಪ್ಪಿಸಿದಂತಾಯಿತು ಇದು. ಪ್ರೆಡಿಕ್ಟರ್ ನಿಖರವಾಗಿ ಊಹಿಸುವ ಸಂಗತಿ ಒಂದಿದೆ, ಅದು ವಿಮಾನಕ್ಕೆ ಸಂಬಂಧಿಸಿದ್ದಲ್ಲ: ಇನ್‌ಸ್ಟಾಲ್ ಮಾಡಿದವನು ಹಣ ಹಾಕುತ್ತಾನೆ.

ಭವಿಷ್ಯ ಸುಳ್ಳಾದಾಗ ಹೇಳಬೇಕಾದ ಸಮಾಧಾನಗಳಿಗೂ ಒಂದು ವ್ಯಾಕರಣವಿದೆ. ‘ಅಣ್ಣಾ, ನಿಮ್ಮ ನೆಟ್ ಸ್ಲೋ ಇತ್ತು’, ‘ಹಳೇ ಐಡಿಗೆ ಸಿಗ್ನಲ್ ಹತ್ತಂಗಿಲ್ರಿ’, ‘ನೀವು ಡಿಪಾಸಿಟ್ ಕಡಿಮಿ ಹಾಕೀರಿ’. ಮೂರರಲ್ಲೂ ಕರ್ತೃ ಸೋತವನೇ. ಅಕಸ್ಮಾತ್ ಪರದೆಯ ಮೇಲೆ ದೊಡ್ಡ ಮೊತ್ತ ಜಮೆಯಾದಂತೆ ಕಂಡರೆ ಅದನ್ನು ಬಿಡಿಸಿಕೊಳ್ಳಲು ಪ್ರಾಸೆಸಿಂಗ್ ಫೀ, ಆಮೇಲೆ ಜಿಎಸ್‌ಟಿ. 2023ರ ಅಕ್ಟೋಬರ್ 1ರಿಂದ 2025ರ ಸೆಪ್ಟೆಂಬರ್‌ವರೆಗೆ ಆನ್‌ಲೈನ್ ಪಣದ ಪೂರ್ತಿ ಮೊತ್ತದ ಮೇಲೆ ನೂರಕ್ಕೆ 28 ಜಿಎಸ್‌ಟಿ ಇದ್ದದ್ದು ಹೌದು. ಅದನ್ನು ಬೇರೊಬ್ಬರ ಹೆಸರಿನ ಯುಪಿಐ ಐಡಿಗೆ ಕಟ್ಟಬೇಕೆಂದು ಯಾವ ಕಾನೂನೂ ಹೇಳಿಲ್ಲ.

ಕಾನೂನಿನ ಭಾಗ ಚಿಕ್ಕದು. ಜೂಜೋ ಕೌಶಲವೋ ಎಂಬ ವಾದ ಸುಪ್ರೀಂ ಕೋರ್ಟಿನಲ್ಲಿ 1957ರ ಚಮರ್‌ಬಾಗ್‌ವಾಲಾ ಪ್ರಕರಣದಿಂದ ನಡೆದು ಬಂದಿದೆ. ಪ್ರೆಡಿಕ್ಟರ್ ನಿಜವಾಗಿದ್ದರೆ ಏವಿಯೇಟರ್ ಕೌಶಲದ ಆಟವೆಂದು ಸಾಬೀತಾಗುತ್ತಿತ್ತು. ಪ್ರೆಡಿಕ್ಟರ್ ತಯಾರಿಸಿದವರು ಈ ಸಾಕ್ಷ್ಯದೊಂದಿಗೆ ಯಾವ ಕೋರ್ಟಿಗೂ ಬಂದಂತಿಲ್ಲ. ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಕರ್ನಾಟಕ ಪೊಲೀಸ್ ಕಾಯ್ದೆಯ ತಿದ್ದುಪಡಿ 2021ರ ಅಕ್ಟೋಬರ್ 5ರಿಂದ ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮಹಾದೇವ್ ಸೇರಿ 22 ಬೆಟ್ಟಿಂಗ್ ಆ್ಯಪ್, ಸೈಟುಗಳನ್ನು ಮುಚ್ಚಿಸಿತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಕೇಂದ್ರದ ಕಾಯ್ದೆ ಹಣದ ಆಟವನ್ನು ಒದಗಿಸುವವರಿಗೆ ಮೂರು ವರ್ಷದವರೆಗೆ, ಜಾಹೀರಾತು ಮಾಡುವವರಿಗೆ ಎರಡು ವರ್ಷದವರೆಗೆ ಜೈಲು ವಿಧಿಸುತ್ತದೆ. ಆಡಿದವನಿಗೆ ಅದರಲ್ಲಿ ಶಿಕ್ಷೆಯಿಲ್ಲ.

ಪ್ರೆಡಿಕ್ಟರ್‌ನ ಕೊನೆಯ ಅವತಾರದ ಹೆಸರು ರಿಕವರಿ. ಹಣ ಕಳೆದುಕೊಂಡವನಿಗೆ ಕೆಲವು ದಿನದ ಮೇಲೆ ಒಂದು ಮೆಸೇಜ್ ಬರುತ್ತದೆ: ಹೋದ ರೊಕ್ಕ ವಾಪಸ್ ಕೊಡಿಸುತ್ತೇವೆ, ಫೈಲ್ ಚಾರ್ಜ್ ಮಾತ್ರ ಮೊದಲು ಕಟ್ಟಿ. ಯಾರು ಎಷ್ಟು ಕಳೆದುಕೊಂಡರೆಂಬ ಪಟ್ಟಿ ಇವರ ಬಳಿ ಹೇಗೆ ಬಂತು ಎಂದು ಕೇಳುವವರು ಕಡಿಮೆ. ಫೈಲ್ ಚಾರ್ಜ್ ಇಲ್ಲದ ರಿಕವರಿ ವ್ಯವಸ್ಥೆಯೆಂದರೆ ಸೈಬರ್ ವಂಚನೆಯ 1930 ಸಹಾಯವಾಣಿ. ಹಣ ಹೋದ ಒಂದೆರಡು ಗಂಟೆಯೊಳಗೆ ಕರೆ ಮಾಡಿದರೆ ಅದು ಮುಂದಿನ ಖಾತೆಗೆ ದಾಟುವ ಮೊದಲೇ ತಡೆಯುವ ಸಾಧ್ಯತೆಯಿದೆ. ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಠಾಣೆಯಲ್ಲಿ ದೂರು ಕೊಡುವವನು ಹಣ ಕಟ್ಟಿದ ಯುಟಿಆರ್ ನಂಬರು, ಗುಂಪಿನ ಲಿಂಕ್, ಅಡ್ಮಿನ್‌ನೊಂದಿಗಿನ ಚಾಟ್ ಇವನ್ನೆಲ್ಲ ಒಯ್ಯಬೇಕು. ಬಹಳ ಮಂದಿ ಮನೆಯವರ ಕಣ್ಣಿಗೆ ಬೀಳಬಾರದೆಂದು ಆ್ಯಪ್ ಅಳಿಸಿ ಹೋಗುತ್ತಾರೆ. ಹಾಗೆ ಮಾಡಿದರೆ ಸಾಕ್ಷ್ಯವೂ ಅಳಿಸಿಹೋಗುತ್ತದೆ. ಪ್ರೆಡಿಕ್ಟರ್ ಇನ್‌ಸ್ಟಾಲ್ ಮಾಡಿಕೊಂಡವನಿಗೆ ಅದು ಮೊದಲ ಬಾರಿ ಉಪಯೋಗಕ್ಕೆ ಬರುವುದು ಠಾಣೆಯ ಮೇಜಿನ ಮೇಲೆ.