ನಭೋಭಾರವಾಹಕನ ಆರೋಹಣಕ್ರಮ: ಒಂದು ತಾತ್ತ್ವಿಕ ಅನುಸಂಧಾನ

ಪ್ರಸ್ತುತ ಪ್ರಬಂಧವು ಐಸ್‌ಲ್ಯಾಂಡಿನ ಸಿಸಿಪಿ ಸಂಸ್ಥೆಯು 2003ರಲ್ಲಿ ಲೋಕಾರ್ಪಣೆಗೊಳಿಸಿದ ‘ಈವ್ ಆನ್‌ಲೈನ್’ ಎಂಬ ಅಂತರಿಕ್ಷಕ್ರೀಡೆಯಲ್ಲಿನ ಭಾರವಾಹಕ ಅಸ್ಮಿತೆಯನ್ನು ಬಹುಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಯಾಗುವ ವಿನಮ್ರ ಯತ್ನವಾಗಿರುತ್ತದೆ. ‘ಇಲ್ಲಿಂದ ಹೊತ್ತು ಅಲ್ಲಿಗೆ ಹಾಕುವುದು’ ಎಂದು ಬರೆದರೆ ವಿದ್ವತ್ ಪತ್ರಿಕೆಗಳು ಕಣ್ಣೆತ್ತಿಯೂ ನೋಡುವುದಿಲ್ಲವಾದ್ದರಿಂದ ಸದರಿ ಕ್ರಿಯೆಯನ್ನು ‘ಸ್ಥಳಾಂತರಜನ್ಯ ಮೌಲ್ಯಸಂಕಥನ’ ಎಂದು ನಿರ್ವಚಿಸಲಾಗಿದೆ.

ಅಧ್ಯಯನದ ವ್ಯಾಪ್ತಿ: 7,000ಕ್ಕೂ ಹೆಚ್ಚು ಸೌರಮಂಡಲಗಳು. ಬಹುತೇಕ ಆಟಗಾರರು ಒಂದೇ ವಿಶ್ವದಲ್ಲಿದ್ದು, ಅವರ ಬಹುಪಾಲು ವ್ಯಾಪಾರವು ‘ಜೀಟಾ’ ಎಂಬ ಒಂದೇ ಮಂಡಲದ ಒಂದೇ ನಿಲ್ದಾಣದಲ್ಲಿ ಕೇಂದ್ರೀಕೃತವಾಗಿರುವುದು ಕಂಡುಬರುತ್ತದೆ. ಪ್ರತಿದಿನ ಭಾರತೀಯ ಕಾಲಮಾನ ಸಂಜೆ 4:30ಕ್ಕೆ ಸರ್ವರ್ ಕೆಲ ನಿಮಿಷ ಮುಚ್ಚುತ್ತದೆ. ಇದನ್ನು ‘ನಿತ್ಯಪ್ರಳಯ’ವೆಂದು ಗುರುತಿಸಬಹುದಾಗಿದೆ. ಕಾಫಿ ಹೊತ್ತು ಎಂದರೂ ನಡೆಯುತ್ತದೆ.

ವಿದ್ಯಾಸಂಪಾದನೆ: ಇಲ್ಲಿ ಕೌಶಲವು ಅಭ್ಯಾಸದಿಂದಲ್ಲ, ಕಾಲಯಾಪನೆಯಿಂದ ಸಿದ್ಧಿಸುತ್ತದೆ. ಯಾವ ಕೌಶಲ ಬೇಕೆಂದು ಸಾಲಿನಲ್ಲಿಟ್ಟು ಕಂಪ್ಯೂಟರ್ ಆರಿಸಿ ಮಲಗಿದರೂ ದಿನ ಕಳೆದಂತೆ ಅದು ತಾನಾಗಿ ಬಲಿಯುತ್ತದೆ. ನಮ್ಮ ಎಷ್ಟೋ ಡಾಕ್ಟರೇಟುಗಳೂ ಇದೇ ವಿಧಾನದಲ್ಲಿ ಬಂದಿರುವುದರಿಂದ ಹೆಚ್ಚಿನ ವಿವರಣೆ ಅನಗತ್ಯ.

ಭಾರವಾಹಕನ ಆರೋಹಣದಲ್ಲಿ ಐದು ಅವಸ್ಥೆಗಳನ್ನು ಗುರುತಿಸಲಾಗಿದೆ.

ಪ್ರಥಮಾವಸ್ಥೆ, ಲಘುಭಾರ. ‘ಬ್ಯಾಡ್ಜರ್’ ಮುಂತಾದ ನೌಕೆಗಳು. ಒಡಲಲ್ಲಿ ಸುಮಾರು 4,000 ಘನ ಮೀಟರ್ ಜಾಗ. ವಾಹಕನು ಬಡವ, ಆದರೆ ನಿರ್ಭೀತ.

ದ್ವಿತೀಯಾವಸ್ಥೆ, ಗುಪ್ತಸಂಚಾರ. ‘ಬ್ಲಾಕೇಡ್ ರನ್ನರ್’ ಎಂಬ ನೌಕೆ ಮಾಯಾಕವಚ ಹೊದ್ದು ಕಳ್ಳರ ಮೂಗಿನಡಿಯಲ್ಲೇ ಹಾಯುತ್ತದೆ. ಹಿಡಿಸುವುದು ಕಡಿಮೆ, ದಕ್ಕುವುದು ಹೆಚ್ಚು.

ತೃತೀಯಾವಸ್ಥೆ, ಮಹಾಭಾರ. ವಾರಗಟ್ಟಲೆ ಕಲಿಕೆ ಮುಗಿದು, ಕೂಡಿಟ್ಟ ಕಾಸೆಲ್ಲ ಸುರಿದಾಗ ‘ಕ್ಯಾರನ್’ನಂಥ ಫ್ರೈಟರ್ ಕೈಗೆ ಬರುತ್ತದೆ. ಒಡಲು 4,50,000 ಘನ ಮೀಟರಿಗೂ ಮಿಕ್ಕಿದ್ದು. ಒಂದೇ ಒಂದು ಬಂದೂಕಿಲ್ಲ. ತಿರುಗಲು ಬಾಣಂತಿ ಎಮ್ಮೆಯಷ್ಟು ಹೊತ್ತು.

ನಾಲ್ಕು ಮತ್ತು ಐದನೆಯ ಅವಸ್ಥೆಗಳಿಗೆ ಹೆಸರು ಹುಡುಕುವ ಉಮೇದು ಲೇಖಕನಲ್ಲಿ ಉಳಿದಿಲ್ಲ. ಓದುಗರೇ ಇಟ್ಟುಕೊಳ್ಳಲಿ. ಅಷ್ಟಕ್ಕೂ ಏಳ್ಗೆಯ ಗುಟ್ಟು ಮೂರನೆಯದರಲ್ಲೇ ಬಯಲಾಗಿಬಿಡುತ್ತದೆ.

ಅದು ಹೀಗೆ. ಸುರಕ್ಷಿತವೆಂದು ಕರೆಯುವ ಪ್ರದೇಶದಲ್ಲಿ ‘ಕಾಂಕಾರ್ಡ್’ ಎಂಬ ಪೊಲೀಸು ಪಡೆಯಿದೆ. ಅದು ಕೊಲೆಯನ್ನು ತಡೆಯುವುದಿಲ್ಲ. ಕೊಂದವನನ್ನು ಕೊಲ್ಲುತ್ತದೆ, ಅಷ್ಟೆ. ಭದ್ರತೆಯ ಅಂಕ ಇಳಿದಷ್ಟೂ ಪೊಲೀಸರು ತಡವಾಗಿ ಬರುತ್ತಾರೆ. ಆದ್ದರಿಂದ ಯುಯೆಡಾಮಾದಂಥ 0.5 ಅಂಕದ ಮಂಡಲದಲ್ಲಿ, ಮಂಡಲದಿಂದ ಮಂಡಲಕ್ಕೆ ನೆಗೆಯುವ ದ್ವಾರದ ಬಳಿ, ಅಗ್ಗದ ‘ಕ್ಯಾಟಲಿಸ್ಟ್’ ನೌಕೆಗಳಲ್ಲಿ ಲೂಟಿಕೋರರ ಹಿಂಡು ಕಾದಿರುತ್ತದೆ. ಅವರು ಮೊದಲು ಸರಕನ್ನು ಸ್ಕ್ಯಾನ್ ಮಾಡಿ ಬೆಲೆ ಕಟ್ಟುತ್ತಾರೆ. ತಾವು ಕಳೆದುಕೊಳ್ಳುವ ನೌಕೆಗಳ ಒಟ್ಟು ಬೆಲೆಗಿಂತ ಸಿಗುವ ಲೂಟಿ ಹೆಚ್ಚಾದರೆ ಹೊಡೆಯುತ್ತಾರೆ, ಕಡಿಮೆಯಾದರೆ ಬಿಡುತ್ತಾರೆ. ಬ್ಯಾಡ್ಜರಿನಲ್ಲಿ ಚಿಲ್ಲರೆ ಖನಿಜ ಸಾಗಿಸುವವನನ್ನು ಯಾರೂ ಮುಟ್ಟುವುದಿಲ್ಲ. ಅಂದರೆ ಏಳ್ಗೆಯೆಂದರೆ ಕೊಂದರೆ ಲಾಭ ಬರುವ ಮಟ್ಟಕ್ಕೆ ಏರುವುದು. ಇದನ್ನು ‘ಅಪಾಯ ನಿರ್ವಹಣೆ’ ಎಂದು ಕರೆದು ಉಪದೇಶ ಮಾಡುವ ಹಿರಿಯರಿದ್ದಾರೆ. ಕಳೆದುಕೊಳ್ಳಲಾಗದ್ದನ್ನು ಹತ್ತಲೇಬೇಡ ಅನ್ನುತ್ತಾರೆ. ಹೊರುವವನ ಬದುಕೇ ಇನ್ನೊಬ್ಬರ ಸಾಮಾನು ಹೊರುವುದು ಸ್ವಾಮಿ! ಸಾಗಣೆ ಕರಾರಿಗೆ ಸಹಿ ಹಾಕುವಾಗ ಸಾಮಾನ್ಯವಾಗಿ ಸಾಮಾನಿನ ಬೆಲೆಯನ್ನು ಠೇವಣಿ ಇಟ್ಟೇ ಹೊರಡಬೇಕು. ಸರಕು ಹೋದರೆ ಅದೂ ಹೋಯಿತು. ಅವನನ್ನೇ ನಿಲ್ಲಿಸಿ, ನೀನಿದ್ದರೇ ನಮಗೆ ಮನರಂಜನೆ ಎಂದು ಹಲ್ಲು ಕಿರಿಯುವವರಿಗೆ ಏನು ಹೇಳಬೇಕು?

ಕ್ಷಮಿಸಿ. ಪ್ರಬಂಧಕ್ಕೆ ಮರಳುವುದಾದರೆ, ಭೌಗೋಳಿಕ ಆಯಾಮವೂ ಗಮನಾರ್ಹವಾದುದು. 2020ರಲ್ಲಿ ಟ್ರಿಗ್ಲೇವಿಯನ್ನರೆಂಬ ಶತ್ರುಪಡೆಯ ಆಕ್ರಮಣದ ಕಥಾಭಾಗದಲ್ಲಿ, ವ್ಯಾಪಾರದ ದಾರಿಯ ನಡುವಿನ ‘ನಿಯಾರ್ಜಾ’ ಮಂಡಲ ಕೈತಪ್ಪಿತು. ಜೀಟಾದಿಂದ ಇನ್ನೊಂದು ಮಾರುಕಟ್ಟೆಯಾದ ಅಮಾರ್‌ಗೆ ಹತ್ತು ನೆಗೆತದೊಳಗೆ ಮುಗಿಯುತ್ತಿದ್ದ ಸುರಕ್ಷಿತ ದಾರಿ ನಲವತ್ತು ದಾಟಿತು. ಆಟಗಾರರು ಎರಡು ಪಕ್ಷವಾಗಿ ಕಾದಾಡಿದರು. ಗೆದ್ದವರಿಗೆ ಕಥೆ ಸಿಕ್ಕಿತು, ಹೊರುವವನಿಗೆ ದೂರ ಸಿಕ್ಕಿತು.

ಇನ್ನು 2014ರ ಜನವರಿ. ಬಿ-ಆರ್5ಆರ್‌ಬಿ ಎಂಬ ಮಂಡಲದ ಹಕ್ಕಿಗೆ ಕಟ್ಟಬೇಕಾದ ಬಾಕಿಯೊಂದು ಪಾವತಿಯಾಗಲಿಲ್ಲ. ಅಷ್ಟೇ ಕಾರಣ. 7,000ಕ್ಕೂ ಹೆಚ್ಚು ಜನ ಸೇರಿದ ಕಾಳಗದಲ್ಲಿ 75 ಟೈಟನ್ ದೈತ್ಯನೌಕೆ‌ಗಳು ಉರುಳಿದವು. ಜಗತ್ತಿನ ಪತ್ರಿಕೆಗಳು ಬರೆದವು, ನಷ್ಟವನ್ನು ಮೂರು ಲಕ್ಷ ಡಾಲರಿನ ಆಸುಪಾಸಿಗೆ ಲೆಕ್ಕ ಹಾಕಿದವು, ಭಗ್ನಾವಶೇಷಗಳನ್ನು ಕಂಪನಿ ಸ್ಮಾರಕವಾಗಿ ಅಲ್ಲಿಯೇ ಉಳಿಸಿತು. ಒಂದು ಟೈಟನ್ ಎದ್ದು ನಿಲ್ಲಬೇಕಾದರೆ ಎಷ್ಟು ಖನಿಜ ಬೇಕು! ಅಗೆದದ್ದು ಒಂದೆಡೆ, ಕಟ್ಟಿದ್ದು ಇನ್ನೊಂದೆಡೆ. ನಡುವಿನ ದಾರಿಯಲ್ಲಿ ಯಾರೋ ರಾತ್ರಿಯೆಲ್ಲ ಪರದೆ ದಿಟ್ಟಿಸುತ್ತ, ಮಂಡಲದಿಂದ ಮಂಡಲಕ್ಕೆ ಸುತ್ತುತ್ತ, ಒಂದೇ ಒಂದು ಗುಂಡನ್ನೂ ಹಾರಿಸದೆ ಅದನ್ನೆಲ್ಲ ಹೊತ್ತು ಹಾಕಿದ್ದಾರೆ. ಸೇನಾಪತಿಗಳ ಹೆಸರು ಇತಿಹಾಸ ಸೇರಿತು. ಇವರು ತಂದದ್ದು ‘ಸರಬರಾಜು’ ಎನ್ನುವ ಒಂದು ಶಬ್ದದೊಳಗೆ ಮುಗಿದುಹೋಯಿತು. ಉರುಳಿದ 75ರ ಜಾಗದಲ್ಲಿ ಹೊಸವು ಏಳಬೇಕಿತ್ತಲ್ಲ, ಅವಕ್ಕೂ ಖನಿಜ ತಂದವರು ಇವರೇ, ಠೇವಣಿ ಕಟ್ಟಿ.