ಹತ್ತನೇ ‘ಬಿ’ಯವರ ಮರಣಶಾಸನ

ಫೆಬ್ರವರಿ ಬಂತೆಂದರೆ ರಾಜಾಜಿನಗರದ ಹೈಸ್ಕೂಲುಗಳಲ್ಲಿ ಸೆಂಡ್ ಆಫ್ ಸುಗ್ಗಿ. ಆರು ಬ್ಲಾಕುಗಳಲ್ಲಿ ಯಾವ ಕ್ರಾಸಿಗೆ ತಿರುಗಿದರೂ ಒಂದು ಮೈಕು ‘ಹಲೋ, ಚೆಕ್’ ಎನ್ನುತ್ತಿರುತ್ತದೆ. ಅಮ್ಮನ ರೇಷ್ಮೆ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ, ಮೊಬೈಲನ್ನು ಇನ್ನೊಂದು ಕೈಯಲ್ಲಿ ಹಿಡಿದ ಹತ್ತನೇ ಕ್ಲಾಸಿನ ಹುಡುಗಿಯರು ರಸ್ತೆಯ ಗುಂಡಿ ದಾಟಿಕೊಂಡು ಶಾಲೆಗೆ ಹೋಗುತ್ತಾರೆ. ಹುಡುಗರು ಅಣ್ಣನದೋ ಮಾವನದೋ ಬ್ಲೇಜರ್ ತೊಟ್ಟು, ಒಳಗೆ ಬೆವರುತ್ತ, ಹೊರಗೆ ಬೆವರದವರ ಮುಖ ಹೊತ್ತು ಬರುತ್ತಾರೆ. ‘ಇಷ್ಟು ಕೆಟ್ಟ ಬ್ಯಾಚನ್ನು ನನ್ನ ಸರ್ವೀಸಿನಲ್ಲೇ ಕಂಡಿಲ್ಲ’ ಎಂದು ವರ್ಷವಿಡೀ ಬೈದ ಹೆಡ್ಮಾಸ್ಟರು ಅಂದು ವೇದಿಕೆಯ ಮೇಲೆ ನಿಂತು, ‘ಇಂಥ ಬ್ಯಾಚು ಇನ್ನು ಬರುವುದಿಲ್ಲ’ ಎನ್ನುತ್ತಾರೆ. ಎರಡೂ ಮಾತಿನ ಅರ್ಥ ಒಂದೇ ಇರಬಹುದು.

ಆಮೇಲೆ ದೀಪದ ಕಾರ್ಯಕ್ರಮ. ಹತ್ತನೆಯವರು ಮೇಣದ ಬತ್ತಿ ಹಚ್ಚಿ ಒಂಬತ್ತನೆಯವರ ಕೈಗೆ ಕೊಡುತ್ತಾರೆ. ಶಿಸ್ತು, ಸಮಯಪಾಲನೆ, ಗುರುಭಕ್ತಿ ಇತ್ಯಾದಿ ಸದ್ಗುಣಗಳು ಈ ಬತ್ತಿಯ ಮೂಲಕ ಮುಂದಿನ ಬ್ಯಾಚಿಗೆ ಹೋಗುತ್ತವೆಂದು ನಿರೂಪಕಿ ಓದುತ್ತಾಳೆ. ಸೀಲಿಂಗ್ ಫ್ಯಾನಿನ ಕೃಪೆಯಿಂದ ಅರ್ಧದಷ್ಟು ಬತ್ತಿಗಳು ವೇದಿಕೆಯ ಮೆಟ್ಟಿಲು ಇಳಿಯುವುದರೊಳಗೆ ಆರಿರುತ್ತವೆ. ಸದ್ಗುಣಗಳ ವರ್ಗಾವಣೆ ಅಲ್ಲಿಗೆ ಮುಗಿಯಿತು. ಉಳಿದ ಗುಣಗಳಿಗೆ ಬತ್ತಿಯೂ ಬೇಕಿಲ್ಲ, ನಿರೂಪಕಿಯೂ ಬೇಕಿಲ್ಲ. ಅವು ಜೂನ್ ತಿಂಗಳಿಂದಲೇ ಸದ್ದಿಲ್ಲದೆ ಕೈ ಬದಲಿಸಿಕೊಂಡಿರುತ್ತವೆ.

ಬಡಾವಣೆಗೆ ಹೆಸರು ಕೊಟ್ಟ ರಾಜಾಜಿಯವರಿಗೆ ಈ ಭಾಗ್ಯ ಇರಲಿಲ್ಲ, ಪಾಪ. 1950ರ ಜನವರಿ 26ರಂದು ಅವರು ಗವರ್ನರ್ ಜನರಲ್ ಹುದ್ದೆಯಿಂದ ಇಳಿದಾಗ ಆ ಹುದ್ದೆಯೇ ರದ್ದಾಯಿತು. ತಮ್ಮ ಚಾಳಿಗಳನ್ನು ದಾಟಿಸೋಣವೆಂದರೆ ಜೂನಿಯರ್ ಎಂಬವನೇ ಇರಲಿಲ್ಲ.

ಅಮೆರಿಕದ ಹೈಸ್ಕೂಲುಗಳಲ್ಲಿ ಚಾಳಿ ದಾಟಿಸುವ ಈ ಕೆಲಸವನ್ನು ಮುಚ್ಚುಮರೆಯಿಲ್ಲದೆ ಮಾಡುವ ಹಳೆಯ ಪದ್ಧತಿಯೊಂದಿದೆ. ಕೊನೆಯ ವರ್ಷದವರು ‘ಸೀನಿಯರ್ ವಿಲ್’ ಎಂದು ಬರೆದು, ತಮ್ಮ ಸೋಮಾರಿತನ, ತಡವಾಗಿ ಬರುವ ಅಭ್ಯಾಸ, ಕಾರು ನಿಲ್ಲಿಸುವ ಜಾಗ ಎಲ್ಲವನ್ನೂ ಕಿರಿಯರಿಗೆ ಹೆಸರು ಹಿಡಿದು ಬಿಟ್ಟುಹೋಗುತ್ತಾರೆ. ಅದು ಶಾಲೆಯ ವಾರ್ಷಿಕ ಪುಸ್ತಕದಲ್ಲಿ ಅಚ್ಚೂ ಆಗುತ್ತದೆ. ನಮಗೆ ಎಂಬತ್ತರ ದಶಕದಲ್ಲಿ ಇಂಥದ್ದೊಂದು ಇದೆಯೆಂಬುದೇ ಗೊತ್ತಿರಲಿಲ್ಲ. ಆದರೂ ನಾವು ಬರೆದೆವು. ಅದಕ್ಕೆ ಕಾರಣ ನಮ್ಮ ಬೆಂಚಿನ ಬಿಕ್ಕಲಂ.

ಅವನಪ್ಪ ಸಬ್‌ರಿಜಿಸ್ಟ್ರಾರ್ ಕಚೇರಿಯೊಂದರ ಎದುರು ಮರದ ನೆರಳಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದ ಪತ್ರ ಬರಹಗಾರರು. ಕ್ರಯಪತ್ರದ ಕೊನೆಯಲ್ಲಿ ಬರೆದವರ ರುಜು ಬೀಳುವ ಜಾಗಕ್ಕೆ ಬಿಕ್ಕಲಂ ಎನ್ನುತ್ತಾರೆ. ಮಗನಿಗೆ ಅದೇ ಹೆಸರು ಅಂಟಿತು. ಮನೆಯಲ್ಲಿ ಸದಾ ಕ್ರಯ, ಭೋಗ್ಯ, ವಿಭಾಗಪತ್ರಗಳ ಮಾತು ಕೇಳಿ ಬೆಳೆದ ಅವನು ರಜಾ ಅರ್ಜಿಯನ್ನೂ ‘ಸದರಿ ವಿದ್ಯಾರ್ಥಿಯಾದ ನಾನು’ ಎಂದೇ ಶುರು ಮಾಡುತ್ತಿದ್ದ. ಸೆಂಡ್ ಆಫ್‌ಗೆ ಏನಾದರೂ ಹಾಸ್ಯ ಕಾರ್ಯಕ್ರಮ ಕೊಡಿ ಎಂದು ಮಿಸ್ ಹೇಳಿದ್ದೇ ತಡ, ಹಾಳಾದ ಛಾಪಾಕಾಗದವೊಂದನ್ನು ಅಪ್ಪನ ಚೀಲದಿಂದ ಎಗರಿಸಿ ತಂದ.

‘ಹತ್ತನೇ ಬಿ ಸೆಕ್ಷನ್ನಿನ ಕೊನೆಯ ಬೆಂಚಿನ ಖಾತೆದಾರರಾದ ನಾವು, ಯಾರ ಬಲವಂತಕ್ಕೂ ದುಷ್ಪ್ರೇರಣೆಗೂ ಒಳಗಾಗದೆ, ಗಣಿತದ ಪೀರಿಯಡ್ ಹೊರತು ಉಳಿದ ವೇಳೆಯಲ್ಲಿ ಸ್ವಸ್ಥಚಿತ್ತರಾಗಿದ್ದು, ಒಂಬತ್ತನೇ ಬಿ ಸೆಕ್ಷನ್ನಿನವರಿಗೆ ಬರೆಸಿಕೊಟ್ಟ ಮರಣಶಾಸನದ ಕ್ರಮವೆಂತೆಂದರೆ’ ಎಂದು ಶುರುವಾಯಿತು. ಪಬ್ಲಿಕ್ ಪರೀಕ್ಷೆ ಎದುರಿಗಿದ್ದ ನಮಗೆ ಮರಣ ಎಂಬ ಪದ ಅತಿಯೆನಿಸಲಿಲ್ಲ.

ಪತ್ರವೆಂದ ಮೇಲೆ ಚಕ್ಕುಬಂದಿ ಬೇಕಲ್ಲ? ಬೆಂಚಿಗೆ ಪೂರ್ವಕ್ಕೆ ಕಣ್ಣಿಗೆ ನಿಲುಕದ ಕರಿಹಲಗೆ. ಪಶ್ಚಿಮಕ್ಕೆ ಎಣ್ಣೆತಲೆ ಒರಗಿ ಒರಗಿ ಜಿಡ್ಡಾದ ಗೋಡೆ. ಉತ್ತರಕ್ಕೆ ಕಿಟಕಿ, ಅದರಾಚೆ ಅಯ್ಯಂಗಾರ್ ಬೇಕರಿ. ಹನ್ನೊಂದು ಗಂಟೆಗೆ ಖಾರಾ ಬನ್ನಿನ ವಾಸನೆ ಬರುವ ಹಕ್ಕು ಸೇರಿದಂತೆ. ದಕ್ಷಿಣಕ್ಕೆ ಹೆಡ್ಮಾಸ್ಟರು ಬೆಕ್ಕಿನ ಹೆಜ್ಜೆಯಲ್ಲಿ ಓಡಾಡುವ ವರಾಂಡ. ಈ ಮಧ್ಯೆ ಇರುವ ಬೆಂಚು ಒಂದು, ಅದರ ಅಷ್ಟಭೋಗ ಸಮೇತ.

ಅಷ್ಟಭೋಗವನ್ನು ಬಿಕ್ಕಲಂ ಮೈಕಿನ ಮುಂದೆ ಒಂದೊಂದಾಗಿ ಬಿಡಿಸಿದ. ಜಮೀನಿನ ಪತ್ರಗಳಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂದು ಬರೆಯುತ್ತಾರೆ. ಮಾರುವವರಿಗೂ ಕೊಳ್ಳುವವರಿಗೂ ಅರ್ಥ ಗೊತ್ತಿರುವುದಿಲ್ಲ. ನಮ್ಮ ಬೆಂಚಿನಲ್ಲಿ ನಿಧಿಯೆಂದರೆ ಡೆಸ್ಕಿನ ಸಂದಿಯಲ್ಲಿ ಬಿದ್ದ ಹತ್ತು ಪೈಸೆಗಳು. ನಿಕ್ಷೇಪವೆಂದರೆ ಡೆಸ್ಕಿನ ಅಡಿಗೆ ಹಲವು ತಲೆಮಾರುಗಳು ಅಂಟಿಸಿದ ಬಬಲ್ ಗಮ್. ಜಲ, ಮಳೆಗಾಲದಲ್ಲಿ ಕಿಟಕಿಯಿಂದ ಬರುವ ಎರಚಲು. ಪಾಷಾಣ, ಮೇಷ್ಟ್ರು ಗುರಿಯಿಟ್ಟು ಎಸೆದ ಸೀಮೆಸುಣ್ಣದ ಚೂರುಗಳು. ಅಕ್ಷೀಣಿ ಎಂದರೆ ಎಂದೂ ಕ್ಷಯವಾಗದ್ದು: ಕೈವಾರದ ಮೊನೆಯಿಂದ ಹಲಗೆಯಲ್ಲಿ ಕೊರೆದ ಹೆಸರುಗಳು, ಅವುಗಳ ಪಕ್ಕದ ಕೂಡಿಸುವ ಚಿಹ್ನೆಗಳು, ಅದರಾಚೆಯ ಹೆಸರುಗಳು. ಆಗಾಮಿ, ಮುಂದೆ ಬರಲಿರುವ ಏಟುಗಳು. ಸಿದ್ಧ, ಈಗಾಗಲೇ ತಿಂದವು. ಸಾಧ್ಯ ಎಂಬಲ್ಲಿ ಬಿಕ್ಕಲಂ ಒಂದು ಕ್ಷಣ ನಿಂತು ‘35’ ಎಂದ. ಆಗಿನ ಪಾಸ್ ಅಂಕ. ಹುಡುಗರು ಕುರ್ಚಿ ಬಡಿದ ಸದ್ದಿಗೆ ಪಕ್ಕದ ಪ್ರೈಮರಿಯವರು ಎದ್ದು ಬಂದರು.

ಸ್ಥಿರಾಸ್ತಿ ಮುಗಿದ ಮೇಲೆ ಚರಾಸ್ತಿ, ಅಂದರೆ ಗುಣಗಳು. ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ವಿದ್ಯೆಯನ್ನು ಒಬ್ಬ ಎರಡನೇ ಸಾಲಿನ ಹುಡುಗನಿಗೆ, ‘ಮೊದಮೊದಲು ಸಮಾಜ ವಿಜ್ಞಾನದಲ್ಲಿ ಮಾತ್ರ ಅಭ್ಯಾಸ ಮಾಡತಕ್ಕದ್ದು’ ಎಂಬ ಷರತ್ತಿನೊಂದಿಗೆ ಬಿಟ್ಟ. ತಾನು ಬರೆದದ್ದು ಸರಿಯುತ್ತರವೋ ತಪ್ಪುತ್ತರವೋ ತೀರ್ಮಾನಿಸುವ ಹೊಣೆಯನ್ನು ಪರೀಕ್ಷಕರಿಗೇ ಬಿಡುವಂಥ ಕೈಬರಹವನ್ನು ಇನ್ನೊಬ್ಬ ದಾನ ಮಾಡಿದ. ಟೆಸ್ಟಿನ ದಿನದ ಹೊಟ್ಟೆನೋವು ತಿಂಗಳಿಗೆ ಒಂದೇ ಸಲ ಬಳಸಬೇಕೆಂಬ ಕಟ್ಟಳೆಯೊಂದಿಗೆ ಇಡೀ ತರಗತಿಗೆ ಸಾಮೂಹಿಕವಾಗಿ ಹೋಯಿತು.

ಮೊದಲ ಬೆಂಚಿನ ಹುಡುಗಿಯರು ಸುಮ್ಮನಿದ್ದಾರೆಯೇ? ಅವರ ಆಸ್ತಿ ನಮ್ಮದಕ್ಕಿಂತ ದೊಡ್ಡದು. ‘ಅಯ್ಯೋ, ಏನೂ ಓದಿಲ್ಲ ಕಣೇ’ ಎಂದು ಪರೀಕ್ಷೆಯ ಬಾಗಿಲಲ್ಲಿ ನಿಂತು ಕಣ್ಣಲ್ಲಿ ನೀರು ತಂದುಕೊಂಡು, ಒಳಗೆ ಹೋಗಿ ಅಡಿಷನಲ್ ಶೀಟಿನ ಮೇಲೆ ಅಡಿಷನಲ್ ಶೀಟು ಇಸಿದುಕೊಳ್ಳುವ ಕಲೆ. ಅದನ್ನು ಅವರು ಹೆಸರಿಟ್ಟು ಯಾರಿಗೂ ಬರೆದುಕೊಡಲಿಲ್ಲ. ಬೇಕಿರಲಿಲ್ಲ. ಒಂಬತ್ತನೇ ತರಗತಿಯ ಮೊದಲ ಬೆಂಚು ಆಗಲೇ ಅದರಲ್ಲಿ ಪಾರಂಗತವಾಗಿತ್ತು. ಇಂದಿಗೂ 625ಕ್ಕೆ 620 ತೆಗೆದ ಮಗು ಟೀವಿಯವರ ಮುಂದೆ ‘ಇಷ್ಟು ಬರುತ್ತೆ ಅಂದ್ಕೊಂಡಿರಲಿಲ್ಲ’ ಎಂದಾಗ ನನಗೆ ಆ ಬೆಂಚಿನ ವಂಶವಾಹಿ ಕೇಳಿಸುತ್ತದೆ.

ಸಾಕ್ಷಿಗಳಾಗಿ ಶಾಲೆಯ ಜವಾನರೂ ಬೇಕರಿಯವರೂ ರುಜು ಹಾಕಿದ್ದರು. ಇಷ್ಟೆಲ್ಲ ಆದ ಮೇಲೆ ಬಿಕ್ಕಲಂನ ಅಪ್ಪನ ಕೈಗೆ ಪತ್ರ ಸಿಕ್ಕಿತು. ಛಾಪಾಕಾಗದ ಕದ್ದದ್ದಕ್ಕೆ ಮಗನಿಗೆ ಒಂದು ಬಿಟ್ಟು, ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು. ಒಕ್ಕಣೆಯಲ್ಲಿ ತಪ್ಪು ಹುಡುಕಿದರು, ಇರಲಿಲ್ಲ. ಅದು ಅವರಿಗೆ ಹೆಮ್ಮೆಯ ವಿಷಯವೇ. ಆದರೂ ವೃತ್ತಿಧರ್ಮ ಬಿಡಲಿಲ್ಲ.

‘ಲೋ, ಇದು ನಡೆಯಲ್ಲ ಕಣ್ರೋ. ಮೈನರುಗಳು ವಿಲ್ಲು ಬರೆಯೋ ಹಾಗಿಲ್ಲ. ಜೊತೆಗೆ ಬೆಂಚು ನಿಮ್ಮದಲ್ಲ, ಸ್ಕೂಲಿಂದು.’

ಅವರು ಹೇಳಿದ್ದು ಸರಿ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 59ನೇ ಕಲಮಿನಂತೆ ಉಯಿಲು ಬರೆಯುವವರು ಅಪ್ರಾಪ್ತರಾಗಿರಬಾರದು. ಹತ್ತನೇ ತರಗತಿಯಲ್ಲಿ ಹದಿನೆಂಟು ತುಂಬಿದವರು ಇರುವುದು ಅಪರೂಪ. ಇದ್ದವರು ಆಸ್ತಿಯನ್ನು ಬಿಟ್ಟುಹೋಗುವುದಿಲ್ಲ, ಮತ್ತೊಂದು ವರ್ಷ ತಾವೇ ಅನುಭವಿಸುತ್ತಾರೆ.

ಕಾಯ್ದೆ ಹೀಗಂದರೂ ಧರ್ಮಶಾಸ್ತ್ರ ನಮ್ಮ ಪರವಾಗಿದೆ. ಅದೂ ಕನ್ನಡ ನಾಡಿನದೇ. ಕಲ್ಯಾಣದಲ್ಲಿ ಆರನೇ ವಿಕ್ರಮಾದಿತ್ಯ ಆಳುತ್ತಿದ್ದಾಗ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗನಿಗೆ ಹುಟ್ಟುತ್ತಲೇ ಹಕ್ಕು ಬರುತ್ತದೆ ಎಂಬುದು ಅದರ ತತ್ತ್ವ. ಬಂಗಾಳದಲ್ಲಿ ಜೀಮೂತವಾಹನನ ದಾಯಭಾಗ ನಡೆಯುತ್ತಿತ್ತು. ಅದರಂತೆ ಅಪ್ಪ ಕಣ್ಣು ಮುಚ್ಚುವ ತನಕ ಮಗನಿಗೆ ಏನೂ ಇಲ್ಲ. ನಮ್ಮ ಹೈಸ್ಕೂಲುಗಳಲ್ಲಿ ಇವೆರಡೂ ಒಟ್ಟಿಗೇ ಜಾರಿಯಲ್ಲಿವೆ. ಕೊನೆಯ ಬೆಂಚು ದಾಯಭಾಗದ ಸ್ವತ್ತು: ಹತ್ತನೆಯವನು ಹಾಲ್ ಟಿಕೆಟ್ ಹಿಡಿದು ಹೊರಬೀಳುವವರೆಗೆ ಒಂಬತ್ತನೆಯವನು ಅದನ್ನು ದೂರದಿಂದ ನೋಡಬೇಕು. ಮೇಷ್ಟ್ರುಗಳ ಅಡ್ಡಹೆಸರು ಮಾತ್ರ ಶುದ್ಧ ಮಿತಾಕ್ಷರಾ. ಎಂಟನೇ ತರಗತಿಗೆ ಸೇರಿದ ಗಳಿಗೆಯಲ್ಲೇ ಹಕ್ಕು ಬಂದುಬಿಡುತ್ತದೆ. ಹುಡುಗನಿಗೆ ಮೇಷ್ಟ್ರ ನಿಜವಾದ ಹೆಸರು ತಿಳಿಯುವುದು ಅರ್ಧವಾರ್ಷಿಕ ಪರೀಕ್ಷೆಯ ನಂತರ.

ನಮ್ಮ ಕನ್ನಡ ಪಂಡಿತರು ‘ಅವ್ಯಯ’. ಲಿಂಗ, ವಚನ, ವಿಭಕ್ತಿಗಳಿಂದ ಯಾವ ವಿಕಾರವನ್ನೂ ಹೊಂದದಿರುವುದೇ ಅವ್ಯಯ ಎಂದು ಅವರೇ ಪಾಠ ಮಾಡಿದ್ದರು. ಚಳಿಗೂ ಸೆಖೆಗೂ ಬದಲಾಗದ ಅದೇ ಕಂದು ಕೋಟು ತೊಟ್ಟು ಅವರು ಹೀಗೆ ಹೇಳಬಾರದಿತ್ತು. ಪಿ.ಟಿ. ಮೇಷ್ಟ್ರು ‘ವಿಶ್ರಾಮ್’, ಅವರು ಕೊಡುತ್ತಿದ್ದ ಎರಡು ಆಜ್ಞೆಗಳಲ್ಲಿ ಸ್ವತಃ ಪಾಲಿಸುತ್ತಿದ್ದದ್ದು ಅದೊಂದನ್ನೇ, ಹೊಂಗೆ ಮರದ ಕೆಳಗಿನ ಕುರ್ಚಿಯಲ್ಲಿ. ಅವರು ನಿವೃತ್ತರಾದ ಮೇಲೆ ಬಂದವರು ಬೆಳಗ್ಗೆ ಆರಕ್ಕೇ ಮೈದಾನದಲ್ಲಿ ಹತ್ತು ಸುತ್ತು ಓಡುವ ಬೆಂಕಿಯಂಥ ತರುಣ. ಅವರ ಹೆಸರೂ ವಿಶ್ರಾಮ್ ಎಂದೇ ಆಯಿತು. ಅಡ್ಡಹೆಸರು ವ್ಯಕ್ತಿಗಲ್ಲ, ಹುದ್ದೆಗೆ ಸೇರಿದ್ದು. ಆ ತರುಣರಿಗೆ ತಾವು ಮಾಡಿದ ಪಾಪವೇನೆಂದು ಕೊನೆಗೂ ತಿಳಿದಿರಲಾರದು.

ತಡವಾಗಿ ಬಂದವರ ಸಬೂಬುಗಳಿಗೂ ಹೀಗೇ ಒಂದು ವಂಶಾವಳಿ ಇದೆ; ಅದನ್ನು ಹಿಡಿದು ಹೊರಟರೆ ರಾಜಾಜಿನಗರದ ಇತಿಹಾಸವನ್ನೇ ಬರೆಯಬಹುದು. ಇದು ಕಾರ್ಖಾನೆಗಳ ಬಡಾವಣೆ. ಗಂಧದ ಸಾಬೂನಿನ ಕಾರ್ಖಾನೆ 1957ರಲ್ಲಿ ಈ ಕಡೆಗೆ ಬಂದದ್ದು. ಹಾಗಾಗಿ ನಮಗಿಂತ ಹಿರಿಯರ ಕಾಲದಲ್ಲಿ ‘ಶಿಫ್ಟ್ ಬಿಟ್ಟಿತ್ತು ಸಾರ್, ಬಸ್ಸು ಹತ್ತಕ್ಕೇ ಆಗಲಿಲ್ಲ’ ಎಂದರೆ ನಡೆಯುತ್ತಿತ್ತು. ನಮ್ಮ ಕಾಲಕ್ಕೆ ನವರಂಗ್ ಟಾಕೀಸಿನಲ್ಲಿ ಅಣ್ಣಾವ್ರ ಹೊಸ ಚಿತ್ರ, ರಸ್ತೆ ತುಂಬ ಜನ. ಈ ಕಾರಣಕ್ಕೆ ಮೇಷ್ಟ್ರು ಬೈಯುವ ಬದಲು ‘ಟಿಕೆಟ್ ಸಿಗ್ತಿತ್ತೇನೋ?’ ಎಂದು ಕೇಳುತ್ತಿದ್ದುದೂ ಉಂಟು. ಕಿರ್ಲೋಸ್ಕರ್ ಕಾರ್ಖಾನೆಯಿದ್ದ ಜಾಗದಲ್ಲಿ ಬ್ರಿಗೇಡ್ ಗೇಟ್‌ವೇ, ಒರಾಯನ್ ಮಾಲ್ ಎದ್ದ ಮೇಲೆ ಟ್ರಾಫಿಕ್ ಎಂಬ ಸರ್ವಋತು ಸಬೂಬು ಸಿಕ್ಕಿತು. ಅದರ ಬೆನ್ನಿಗೇ ಮೆಟ್ರೋ ಕಾಮಗಾರಿ. ಅದೊಂದು ಸುವರ್ಣಯುಗ, ಎಲ್ಲಿ ಅಗೆದಿದ್ದಾರೆಂದು ಹೆಡ್ಮಾಸ್ಟರಿಗೂ ಗೊತ್ತಿರುತ್ತಿರಲಿಲ್ಲ. 2014ರ ಮಾರ್ಚ್ 1ರಂದು ಸಂಪಿಗೆ ರಸ್ತೆಯಿಂದ ಪೀಣ್ಯದವರೆಗೆ ರೈಲು ಓಡಿತು, ಮಧ್ಯೆ ರಾಜಾಜಿನಗರ ಸ್ಟೇಷನ್ನೂ ಬಂತು. ದೊಡ್ಡವರಿಗೆ ಅನುಕೂಲವಾಯಿತು, ನಿಜ. ಆದರೆ ಮೂರು ತಲೆಮಾರು ಕೂಡಿಟ್ಟ ಸಬೂಬಿನ ಆಸ್ತಿಗೆ ದೊಡ್ಡ ಕತ್ತರಿ ಬಿತ್ತು.

ಇನ್ನೊಂದು ಆಸ್ತಿ ಪೂರ್ತಿ ಮುಳುಗಿದ್ದು 2024ರಲ್ಲಿ. ಜಾಮಿಟ್ರಿ ಬಾಕ್ಸಿನ ತಳದಲ್ಲಿ, ಪೂರ್ಣತೋಳಿನ ಮಡಿಕೆಯಲ್ಲಿ ಇಡುವ ಚೀಟಿಗಳ ವಿದ್ಯೆ ನಾಡಿನಾದ್ಯಂತ ಹಿರಿಯರಿಂದ ಕಿರಿಯರಿಗೆ ಬಾಯಿಂದ ಬಾಯಿಗೆ ಬಂದದ್ದು. ಆ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ಇದ್ದಕ್ಕಿದ್ದಂತೆ ಮೌಲ್ಯ ಕಳೆದುಕೊಂಡ ಆಸ್ತಿಗೆ ಯಾವ ಬ್ಯಾಂಕೂ ಪರಿಹಾರ ಕೊಡುವುದಿಲ್ಲ. ಸಮಾಧಾನಕ್ಕೆಂದೋ ಏನೋ, ಅದೇ ವರ್ಷದಿಂದ ಪರೀಕ್ಷೆ ಒಂದು, ಎರಡು, ಮೂರು ಎಂದು ವರ್ಷಕ್ಕೆ ಮೂರು ಸಲ ಬರೆಯುವ ಅವಕಾಶ ಬಂತು. ನಮ್ಮ ಕಾಲದಲ್ಲಿ ಮರಣಶಾಸನ ಬರೆದರೆ ಒಂದೇ ಮರಣ. 2024ರ ಮಕ್ಕಳಿಗೆ ಎರಡು ಪುನರ್ಜನ್ಮ ಸಿಕ್ಕವು.

ಇಷ್ಟಾದರೂ ಬೀಳದ ಆಸ್ತಿಯೊಂದಿದೆ: ಹಿರಿಯರು ಓದಿ ಬಿಟ್ಟ ಗೈಡು. ಅವೆನ್ಯೂ ರೋಡಿನ ಹಳೇ ಪುಸ್ತಕದಂಗಡಿಯಲ್ಲಿ ಅದಕ್ಕೊಂದು ಬೆಲೆ, ಬೀದಿಯಲ್ಲಿ ಕೈಯಿಂದ ಕೈಗೆ ಹೋದರೆ ಇನ್ನೊಂದು. ನಮ್ಮೆದುರು ಮನೆಯ ಹುಡುಗ ಈಗ ಒಂಬತ್ತನೆಯದು. ಮೇಲಿನ ಕ್ರಾಸಿನ ಹುಡುಗಿಯೊಬ್ಬಳಿಂದ ಅವನಿಗೆ ವಿಜ್ಞಾನದ ಗೈಡು ಬಂದಿದೆ. ಮೊನ್ನೆ ತಿರುವಿ ನೋಡಿದೆ. ಅಚ್ಚಾದ ಉತ್ತರಗಳನ್ನು ಆ ಹುಡುಗಿ ಅಷ್ಟೇನೂ ನಂಬಿದಂತಿಲ್ಲ. ಒಂದು ಕಡೆ ‘ಇದು ಬರಲ್ಲ, ಸುಮ್ಮನೆ ಓದಬೇಡ’. ಇನ್ನೊಂದು ಕಡೆ ‘ಚಿತ್ರ ಬರಿ, ಅರ್ಧ ಮಾರ್ಕ್ಸು ಗ್ಯಾರಂಟಿ’. ವಿದ್ಯುಚ್ಛಕ್ತಿ ಪಾಠದ ತಲೆಬರಹದ ಪಕ್ಕ ‘ಇಲ್ಲಿ ಅಳು ಬರುತ್ತೆ, ಎರಡು ಪುಟ ಆದಮೇಲೆ ಸರಿಹೋಗುತ್ತೆ’. ಶಿಕ್ಷಣ ಇಲಾಖೆ ಇಂಥ ಸಲಹೆಯನ್ನು ಎಂದೂ ಅಚ್ಚು ಹಾಕಿಸಿಲ್ಲ. ಮೇಣದ ಬತ್ತಿಯಲ್ಲಿ ಇದು ದಾಟುವುದೂ ಇಲ್ಲ.

ಈ ಸಲ ನಿಮ್ಮ ಮನೆಯಲ್ಲಿ ಹತ್ತನೇ ಕ್ಲಾಸು ಮುಗಿಸುವವರಿದ್ದರೆ, ರಿಸಲ್ಟ್ ಬಂದ ಮಾರನೆಯ ದಿನವೇ ಪುಸ್ತಕಗಳನ್ನು ಹಳೇ ಪೇಪರಿನವನ ತಕ್ಕಡಿಗೆ ಹಾಕಬೇಡಿ. ಬೀದಿಯಲ್ಲಿ ಒಂಬತ್ತು ಮುಗಿಸಿದವರು ಯಾರಿದ್ದಾರೆಂದು ವಿಚಾರಿಸಿ ಕೊಟ್ಟುಬಿಡಿ, ಗಣಿತದ್ದನ್ನು ಮೊದಲು. ಮಾರ್ಜಿನ್ನಿನಲ್ಲಿ ಬರೆದದ್ದನ್ನು ಅಳಿಸಬೇಡಿ. ಮೇಷ್ಟ್ರುಗಳ ಹೆಸರು ಬಂದ ಕಡೆ ಮಾತ್ರ, ಅವರಿನ್ನೂ ಅದೇ ಶಾಲೆಯಲ್ಲಿದ್ದರೆ, ರಬ್ಬರು ಚೆನ್ನಾಗಿ ಉಜ್ಜಿ ಕೊಡಿ.