ಜೀವರಕ್ಷಕ ಶಾಯಿ

"ಏನ್ ಭಾವ, ಪೋಸ್ಟ್‌ಮ್ಯಾನ್ ಹತ್ರ ಅಷ್ಟೊತ್ತಿಂದ ಮಾತು?"

"ಸುಂಕದವನ ಮುಂದೆ ಸುಖದುಃಖ ಹೇಳ್ಕೊಳ್ತಿದ್ದೀನಿ ಕಣಯ್ಯ. ಜಪಾನಿನಿಂದ ಫೌಂಟನ್ ಪೆನ್ನಿನ ಶಾಯಿ ತರಿಸಿದೆ. 50 ಎಂಎಲ್ ಬಾಟ್ಲಿ."

"ಸುಂಕ ಬಾಟ್ಲಿಗೆ ತಾನೆ?"

"ಬಾಟ್ಲಿಗೆ, ಅದು ಬಂದ ಖರ್ಚಿಗೆ. ಆ ಸುಂಕವನ್ನೂ ಸೇರಿಸಿ ಮೇಲೆ ಜಿಎಸ್‌ಟಿ. ತೆರಿಗೆಗೂ ತೆರಿಗೆ!"

"ಸ್ನೇಹಿತರು ಉಡುಗೊರೆ ಅಂತ ಕಳಿಸಿದ್ರೆ 5,000 ರೂಪಾಯಿವರೆಗೆ ಮಾಫಿ ಇತ್ತಲ್ಲ?"

"2019ರ ಡಿಸೆಂಬರ್‌ನಲ್ಲೇ ಅದಕ್ಕೆ ಎಳ್ಳುನೀರು ಬಿಟ್ಟರು. ಸುಂಕವಿಲ್ಲದೆ ಉಡುಗೊರೆ ಅಂತ ಬರೋಕೆ ಎರಡಕ್ಕೇ ಅಪ್ಪಣೆ: ಜೀವರಕ್ಷಕ ಔಷಧಿಗೆ, ರಾಖಿಗೆ."

"ಹಾಗಾದ್ರೆ ಬಾಟ್ಲಿ ಕುತ್ತಿಗೆಗೆ ದಾರ ಕಟ್ಟಿಸಿ, ರಾಖಿ ಅನ್ನಿಸಿ!"

"ಅದನ್ನೂ ಯೋಚಿಸಿಬಿಟ್ಟಿದ್ದಾರೆ. ರಾಖಿ ಬರಬಹುದು, ಜೊತೆಗಿನ ಉಡುಗೊರೆ ಬರಕೂಡದು ಅಂತ ಆವರಣದೊಳಗೇ ಬರೆದಿದ್ದಾರೆ."

ಒಳಗಿನಿಂದ ಅಕ್ಕನ ದನಿ: "ಜೀವರಕ್ಷಕ ಅಂತ್ಲೇ ಬರೆಸಬಹುದಿತ್ತು. ಶಾಯಿ ಇಲ್ದಿದ್ರೆ ಇವರಿಗೆ ಊಟ ಸೇರಲ್ಲ, ನಿದ್ದೆ ಬರಲ್ಲ. ಹೋದ ತಿಂಗಳ ಬಾಟ್ಲಿಯ ಮುಚ್ಚಳವನ್ನೇ ಇನ್ನೂ ತೆಗೆದಿಲ್ಲ, ಅದೊಂದೇ ಅಡ್ಡಿ."

ಭಾವ ಉತ್ತರಿಸಲಿಲ್ಲ. ಎರಡೆರಡು ಸಲ ನೋಟು ಎಣಿಸಿ ಕೊಟ್ಟರು. ರಸೀದಿಗೆ ಸಹಿ ಹಾಕಲು ಜೇಬು ತಡಕಿ, ಕೊನೆಗೆ ಪೋಸ್ಟ್‌ಮ್ಯಾನ್‌ನ ಬಾಲ್‌ಪೆನ್ನನ್ನೇ ಇಸ್ಕೊಂಡರು.